ಕ್ರಾಸ್‌ಓವರ್‌ಗೆ 20 ಇಂಚಿನ ಚಳಿಗಾಲದ ಟೈರ್: ಇಷ್ಟೊಂದು ದುಡ್ಡು ಯಾಕೆ? ಬೇರೆ ದಾರಿ ಇದೆಯಾ?

ಮೊದಲಹಿಮ:
ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಒಂದು ಕ್ರಾಸ್‌ಓವರ್ (ಎಸ್‌ಯುವಿ ಥರದ ಎತ್ತರದ ಕಾರು) ತಗೊಂಡೆವು, ಮೇಲಿನ ಮಾಡೆಲ್ಲೇ. ಶೋರೂಮಿನಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದೇ ಅದರ 20 ಇಂಚಿನ ವೀಲ್. ಆಗ ಟೈರ್ ವಿಷಯ ಯಾರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಮೊನ್ನೆ ಚಳಿಗಾಲದ ಟೈರ್ ವಿಚಾರಿಸಲು ಹೋದೆ. ಸೈಜ್ 255/45 ಆರ್ 20. ಆ ಸೈಜಿಗೆ ಅಂಗಡಿಯವರ ಹತ್ತಿರ ಎರಡೇ ಎರಡು ಬಗೆ ಇದ್ದವು. ರೇಟು ಕೇಳಿ ಸುಮ್ನೆ ವಾಪಸ್ ಬಂದೆ. ಇದೇ ಗಾಡಿಯ ಕೆಳಗಿನ ಮಾಡೆಲ್ ಇಟ್ಟುಕೊಂಡಿರುವ ಗೆಳೆಯ 17 ಇಂಚಿನ ನಾಲ್ಕು ಟೈರಿಗೆ ಕೊಟ್ಟಿದ್ದರ ಹತ್ತಿರ ಹತ್ತಿರ ಎರಡರಷ್ಟು!

ಗಾಡಿ ಆಲ್ ವೀಲ್ ಡ್ರೈವ್. ಜೊತೆಗೆ ಬಂದಿರುವುದು ಆಲ್ ಸೀಸನ್ ಟೈರ್, ಇನ್ನೂ ಹೊಸದು. ಈ ಒಂದು ಚಳಿಗಾಲ ಹಾಗೇ ಕಳೆಯಬಹುದಾ? ಇಲ್ಲ, ಮುಂದಿನ ಎರಡಕ್ಕೆ ಮಾತ್ರ ಹೊಸದು ಹಾಕಿಸಲಾ? ದಿನಾ ಬೆಳಿಗ್ಗೆ ನಾಲ್ಕು ವರ್ಷದ ಮಗಳನ್ನು ಶಾಲೆಗೆ ಬಿಡಬೇಕು. ಹಿಮದಲ್ಲಿ ಗಾಡಿ ಓಡಿಸುವುದು ನನಗೆ ಇದೇ ಮೊದಲು. ಗೊತ್ತಿರುವವರು ಹೇಳಿ.

ಹತ್ತುಚಳಿ:
ಮುಂದೆ ಎರಡು ಮಾತ್ರ ಹಾಕಿಸುವುದು ಬೇಡವೇ ಬೇಡ. ಮುಂದಿನ ಗಾಲಿ ಹಿಡಿದುಕೊಳ್ಳುತ್ತದೆ, ಹಿಂದಿನದು ಜಾರುತ್ತದೆ, ತಿರುವಿನಲ್ಲಿ ಗಾಡಿ ಬುಗುರಿ ಹಾಗೆ ತಿರುಗುತ್ತದೆ. ಹಾಕಿಸಿದರೆ ನಾಲ್ಕೂ.

ಗಾಲಿಗಣಿತ:
ಸರ್, ದುಡ್ಡು ಹೋಗುತ್ತಿರುವುದು ಚಳಿಗಾಲಕ್ಕಲ್ಲ, ಇಂಚಿಗೆ. 17, 18 ಇಂಚಿನ ಟೈರನ್ನು ಎಲ್ಲ ಕಂಪನಿಯವರೂ ಮಾಡುತ್ತಾರೆ, ಲಕ್ಷಗಟ್ಟಲೆ ಗಾಡಿಗಳಿಗೆ ಅದೇ ಸೈಜು. 20 ಇಂಚಿನಲ್ಲಿ, ಅದೂ ಚಳಿಗಾಲದ ಟೈರ್ ಅಂದರೆ, ಕೊಳ್ಳುವವರೂ ಕಮ್ಮಿ, ಮಾಡುವವರೂ ಕಮ್ಮಿ. ಪೈಪೋಟಿ ಇಲ್ಲದ ಕಡೆ ರೇಟು ಏರದೆ ಇರುತ್ತದಾ?

ದಾರಿ ಏನಂದರೆ, ಚಳಿಗಾಲಕ್ಕೆ ಚಿಕ್ಕ ರಿಮ್ ಹಾಕಿ. ಹೊರಗಿನ ಅಳತೆ ಬದಲಾಗಬಾರದು, ಅಷ್ಟೇ. ಲೆಕ್ಕ ಸುಲಭ. 255/45 ಆರ್ 20 ಅಂದರೆ ಟೈರಿನ ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡ 45, ಅಂದರೆ ಸುಮಾರು 115 ಮಿ.ಮೀ. ಅದು ಮೇಲೊಂದು ಕೆಳಗೊಂದು, ನಡುವೆ 20 ಇಂಚಿನ ರಿಮ್. ಎಲ್ಲ ಕೂಡಿದರೆ 737.5 ಮಿ.ಮೀ. ಈಗ ಇದನ್ನು ನೋಡಿ:

235/55 ಆರ್ 19: 741 ಮಿ.ಮೀ.
235/60 ಆರ್ 18: 739 ಮಿ.ಮೀ.
235/65 ಆರ್ 17: 737 ಮಿ.ಮೀ.

ನಿಮ್ಮ 20 ಇಂಚಿಗೆ ಹೋಲಿಸಿದರೆ ಈ ಮೂರಕ್ಕೂ ಹೊರಗಿನ ಅಳತೆಯಲ್ಲಿ ಅರ್ಧ ಪರ್ಸೆಂಟ್ ವ್ಯತ್ಯಾಸವೂ ಇಲ್ಲ. ಸ್ಪೀಡೋಮೀಟರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಗೆಳೆಯರ ಗಾಡಿಯಲ್ಲಿರುವುದು ಬಹುಶಃ ಈ ಕೊನೆಯದೇ.

ಮೊದಲಹಿಮ:
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಗಾಡಿಗೆ ಒಂದೇ ಸೈಜ್ ಅಂದುಕೊಂಡಿದ್ದೆ. ಹಾಗಾದರೆ ಗೆಳೆಯನ ಹಾಗೆ 17 ಇಂಚಿಗೇ ಇಳಿದುಬಿಡಲಾ?

ಸ್ಪ್ಯಾನರ್‌ಶೆಟ್ಟಿ:
ತಡೆಯಿರಿ, ಅವಸರ ಬೇಡ. ಗಾಲಿಗಣಿತ ಹೇಳಿದ ಲೆಕ್ಕ ಸರಿ. ಆದರೆ ಅದು ಟೈರಿನ ಹೊರಗಿನ ಲೆಕ್ಕ. ಒಳಗೆ ಬ್ರೇಕ್ ಇದೆಯಲ್ಲ? ಮೇಲಿನ ಮಾಡೆಲ್‌ನಲ್ಲಿ ದೊಡ್ಡ ಎಂಜಿನ್ ಇದ್ದರೆ ಎಷ್ಟೋ ಸಲ ಮುಂದಿನ ಬ್ರೇಕ್ ಡಿಸ್ಕೂ ದೊಡ್ಡದಿರುತ್ತದೆ.

ನನಗೇ ಆಗಿದ್ದು ಹೇಳುತ್ತೇನೆ. ಬೇರೆಯವರ ಹತ್ತಿರ 17 ಇಂಚಿನ ರಿಮ್ ನಾಲ್ಕು ತಗೊಂಡು ಬಂದೆ. ಬೋಲ್ಟ್ ತೂತುಗಳು ಸರಿಯಾಗಿ ಕೂತವು. ಐದೂ ನಟ್ ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಜ್ಯಾಕ್ ಮೇಲೆ ಇದ್ದಾಗಲೇ ವೀಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಕಾಲು ಸುತ್ತು ಬಂತು, ಕರ್ ಅಂತ ಸದ್ದು, ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ರಿಮ್ಮಿನ ಒಳಮೈಯಲ್ಲಿ ಹೊಳೆಯುವ ಒಂದು ಗೀರು, ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಮೂಲೆಯಲ್ಲಿ ಬಣ್ಣ ಕಿತ್ತುಹೋಗಿತ್ತು. ಕೈಯಲ್ಲಿ ತಿರುಗಿಸದೆ ಹಾಗೇ ರಸ್ತೆಗೆ ಇಳಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ನಾಲ್ಕು ರಿಮ್ ವಾಪಸ್ ಮಾರಿ 18 ತಗೊಂಡೆ. ಅದು ಬೆರಳು ತೂರುವಷ್ಟು ಸಂದಿ ಬಿಟ್ಟು ಆರಾಮಾಗಿ ತಿರುಗಿತು.

ನೀವು ಮಾಡಬೇಕಾದ್ದು ಇಷ್ಟು. ಗಾಡಿಯ ಮಾಲೀಕರ ಪುಸ್ತಕದಲ್ಲಿ ನಿಮ್ಮ ಎಂಜಿನ್‌ಗೆ ಯಾವ ಯಾವ ಸೈಜ್ ಒಪ್ಪುತ್ತದೆ ಅಂತ ನೋಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ, ಅದರಲ್ಲಿ ಗಾಡಿ ಜೊತೆ ಬಂದ ಸೈಜೂ ಗಾಳಿಯ ಒತ್ತಡವೂ ಇರುತ್ತದೆ.

ಗಾಲಿಗಣಿತ:
ಒಪ್ಪಿದೆ ಶೆಟ್ರೇ, ಬ್ರೇಕ್ ವಿಷಯ ನಾನೇ ಮೊದಲು ಬರೆಯಬೇಕಿತ್ತು. ಅದರ ಜೊತೆ ಇನ್ನೂ ಮೂರು ನೋಡಿ. ಬೋಲ್ಟ್ ತೂತುಗಳು ಕೂತಿರುವ ವೃತ್ತದ ವ್ಯಾಸ (5 ತೂತು, 114.3 ಮಿ.ಮೀ. ಅನ್ನುವ ಥರ ಬರೆದಿರುತ್ತದೆ), ನಡುವಿನ ದೊಡ್ಡ ತೂತಿನ ಅಳತೆ, ಮತ್ತೆ ಆಫ್‌ಸೆಟ್, ಅಂದರೆ ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ. ನಡುವಿನ ತೂತು ಹಬ್‌ಗಿಂತ (ಗಾಡಿಯಲ್ಲಿ ವೀಲ್ ಕೂರುವ ನಡುಭಾಗ) ದೊಡ್ಡದಿದ್ದರೆ ರಿಂಗ್ ಹಾಕಿ ಹೊಂದಿಸಬಹುದು. ಚಿಕ್ಕದಿದ್ದರೆ ಕೂರುವುದೇ ಇಲ್ಲ.

ಬೆಳ್ಮುಗಿಲು:
ಆಲ್ ವೀಲ್ ಡ್ರೈವ್ ಇದೆ, ಹಾಗೇ ಕಳೆಯಬಹುದಾ ಅಂತ ಕೇಳಿದಿರಿ. ನಾನೂ ಹಾಗೇ ಅಂದುಕೊಂಡು ಮೊದಲ ವರ್ಷ ಕಳೆದೆ. ಸಿಗ್ನಲ್ ಬಿಟ್ಟಾಗ ನನ್ನ ಗಾಡಿ ಎಲ್ಲರಿಗಿಂತ ಮೊದಲು ಹೊರಡುತ್ತಿತ್ತು. ಅದರಿಂದಲೇ ಧೈರ್ಯ ಬಂತು. ಆದರೆ ಹೊರಡಿಸುವುದು ನಾಲ್ಕು ಗಾಲಿಯ ಡ್ರೈವ್, ನಿಲ್ಲಿಸುವುದು ಟೈರ್. ಬ್ರೇಕಿಗೆ ಎಲ್ಲ ಗಾಡಿಯೂ ಒಂದೇ, ಯಾವ ಗಾಡಿಗೂ ಬ್ರೇಕ್ ನಾಲ್ಕೇ.

ಒಂದು ಸಂಜೆ ಇಳಿಜಾರಿನಲ್ಲಿ, ಮುಂದೆ ಶಾಲೆ ಬಸ್ಸು ನಿಂತಿತ್ತು. ನಡೆಯುವಷ್ಟೇ ವೇಗದಲ್ಲಿದ್ದೆ. ಬ್ರೇಕ್ ಒತ್ತಿದೆ. ಪೆಡಲ್ ಕಾಲ ಕೆಳಗೆ ಟಕಟಕ ಅಂತ ನಡುಗಿತು, ಗಾಡಿ ಮಾತ್ರ ಹಾಗೇ ಜಾರುತ್ತಾ ಹೋಯಿತು. ಪಕ್ಕದ ಹಿಮದ ದಿಬ್ಬಕ್ಕೆ ತಿರುಗಿಸಿ ನಿಲ್ಲಿಸಿದೆ. ಬಸ್ಸಿನ ಹಿಂದಿನ ಕಿಟಕಿಯಿಂದ ಇಬ್ಬರು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಆ ವಾರವೇ ಟೈರ್ ಹಾಕಿಸಿದೆ. ನಿಮ್ಮ ಮಗಳೂ ಗಾಡಿಯಲ್ಲಿರುತ್ತಾಳೆ ಅಲ್ವಾ, ದಯವಿಟ್ಟು ತಳ್ಳಿಹಾಕಬೇಡಿ.

ಸಾಕಪ್ಪಚಳಿ:
ಎಲ್ಲರೂ ಹೆದರಿಸುತ್ತಿದ್ದೀರಿ. ನಾನು ಆರು ವರ್ಷದಿಂದ ಒಂದೇ ಜೊತೆ (ನಾಲ್ಕು) ಟೈರಿನಲ್ಲಿ ಚಳಿಗಾಲ ಬೇಸಿಗೆ ಎರಡನ್ನೂ ಕಳೆಯುತ್ತಿದ್ದೇನೆ. ಆಲ್ ವೆದರ್ ಟೈರ್. ಹಿಮದ ಪರೀಕ್ಷೆ ಪಾಸಾದದ್ದಕ್ಕೆ ಕೊಡುವ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವುದು. ವರ್ಷಕ್ಕೆ ಎರಡು ಸಲ ಬದಲಾಯಿಸುವ ತಲೆನೋವಿಲ್ಲ, ಇಡಲು ಜಾಗ ಬೇಡ.

ಹತ್ತುಚಳಿ:
ಆಲ್ ವೆದರ್ ಬೇರೆ, ಆಲ್ ಸೀಸನ್ ಬೇರೆ. ಅವರ ಗಾಡಿಯಲ್ಲಿರುವುದು ಆಲ್ ಸೀಸನ್, ಅದಕ್ಕೆ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ. ಎರಡನ್ನೂ ಕಲಸಬೇಡಿ.

ಸಾಕಪ್ಪಚಳಿ:
ಕಲಸುತ್ತಿಲ್ಲ. ಹಿಮ ಬಿದ್ದ ಕೂಡಲೇ ರಸ್ತೆ ಗೋರುವ ಊರಿನಲ್ಲಿದ್ದರೆ ಆಲ್ ವೆದರ್ ಸಾಕು ಅನ್ನುವುದೇ ನನ್ನ ಮಾತು. 2015ರಲ್ಲಿ ಮಿಶೆಲಿನ್ ಕ್ರಾಸ್‌ಕ್ಲೈಮೇಟ್ ಬಂದ ಮೇಲೆ ಈ ಬಗೆಯ ಟೈರ್ ಬಹಳ ಸುಧಾರಿಸಿದೆ. ಎಲ್ಲರಿಗೂ ಎರಡು ಜೊತೆ ಬೇಕು ಅನ್ನುವುದು ಸರಿಯಲ್ಲ.

ಉತ್ತರದವ:
ಊರು ನೋಡಿ ಹೇಳಬೇಕು ಅನ್ನುವುದು ಸರಿ. ಆದರೆ ವಾರಗಟ್ಟಲೆ ಮೈನಸ್‌ನಲ್ಲೇ ಇರುವ, ಬೆಳಿಗ್ಗೆ ರಸ್ತೆ ಮೇಲೆ ಕಾಣದ ಐಸ್ ಇರುವ ಕಡೆ ಆಲ್ ವೆದರ್ ಸಾಲದು. ಆಟವೆಲ್ಲ ಇರುವುದು ರಬ್ಬರಿನಲ್ಲಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರನ್ನು ಚಳಿಯಲ್ಲೂ ಮೆತ್ತಗಿರುವ ಹಾಗೆ ಮಾಡಿರುತ್ತಾರೆ. ಮೇಲೆ ಬ್ಲೇಡಿನಲ್ಲಿ ಸೀಳಿದ ಹಾಗೆ ಸಾವಿರಾರು ಸಣ್ಣ ಗೀರುಗಳಿರುತ್ತವೆ. ಗಾಲಿ ಉರುಳುವಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಮೈನಸ್ 12ರ ಬೆಳಿಗ್ಗೆ ಹೊರಗೆ ನಿಂತ ಎರಡು ಗಾಡಿಯ ಟೈರನ್ನು ಉಗುರಿನಲ್ಲಿ ಒತ್ತಿ ನೋಡಿ. ನಾನು ಪಕ್ಕದ ಮನೆಯವರ ಆಲ್ ಸೀಸನ್ ಟೈರ್ ಒತ್ತಿದೆ, ಒಣಗಿದ ಮರದ ಹಾಗಿತ್ತು. ನನ್ನದರಲ್ಲಿ ಉಗುರು ಸ್ವಲ್ಪ ಇಳಿಯಿತು.

ಹೊಸಬ:
ಎಂ ಪ್ಲಸ್ ಎಸ್ ಅಂತ ಬರೆದಿದ್ದರೆ ಚಳಿಗಾಲದ ಟೈರ್ ತಾನೆ? ನನ್ನದರಲ್ಲಿ ಹಾಗೆ ಇದೆ.

ಉತ್ತರದವ:
ಅಲ್ಲ. ಅದು ಕೆಸರು ಮತ್ತು ಹಿಮ ಅಂತ ಕಂಪನಿಯವರೇ ಹಾಕಿಕೊಳ್ಳುವ ಗುರುತು, ಅದಕ್ಕೆ ಹಿಮದ ಪರೀಕ್ಷೆ ಪಾಸಾಗಬೇಕು ಅಂತಿಲ್ಲ. ಮೂರು ಶಿಖರದ ಬೆಟ್ಟದ ಒಳಗೆ ಹಿಮದ ಹರಳು ಇರುವ ಚಿತ್ರ ಹುಡುಕಿ. ಆ ಗುರುತು 1999ರಲ್ಲಿ ಬಂತು, ಹಿಮದ ಮೇಲೆ ಪರೀಕ್ಷೆ ಮಾಡಿ ಕೊಡುವುದು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಇರುವ ಟೈರನ್ನು ಚಳಿಗಾಲದ ಟೈರ್ ಅಂತ ಒಪ್ಪುವುದೇ ಇಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಆಸ್ಟ್ರಿಯಾದಲ್ಲಿ ಟ್ರೆಡ್ (ಟೈರಿನ ಮೇಲಿನ ತೋಡುಗಳ ಆಳ) ಸವೆದು 4 ಮಿ.ಮೀ.ಗಿಂತ ಕಮ್ಮಿ ಉಳಿದಿದ್ದರೆ ಅದು ಚಳಿಗಾಲದ ಟೈರ್ ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕದಮ್ಮ:
ದುಡ್ಡಿನ ಮಾತು ಎಲ್ಲೋ ಹೋಯಿತು, ವಾಪಸ್ ಬರೋಣ. ಎರಡನೇ ಜೊತೆ ಟೈರನ್ನು ಎಲ್ಲರೂ ಪೂರ್ತಿ ಹೆಚ್ಚುವರಿ ಖರ್ಚು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಜೊತೆ ಗಾಡಿ ಮೇಲೆ ಇದ್ದಾಗ ಇನ್ನೊಂದು ಜೊತೆ ಸವೆಯದೆ ಮನೆಯಲ್ಲಿ ಕೂತಿರುತ್ತದೆ.

ವರ್ಷಕ್ಕೆ 20,000 ಕಿ.ಮೀ. ಓಡಿಸುತ್ತೀರಿ ಅಂತ ಇಟ್ಟುಕೊಳ್ಳಿ. ಚಳಿಗಾಲದಲ್ಲಿ 8,000, ಉಳಿದ ತಿಂಗಳಲ್ಲಿ 12,000. ಗಾಡಿ ಜೊತೆ ಬಂದ ಟೈರ್ 60,000 ಬಾಳುತ್ತದೆ, ಚಳಿಗಾಲದ್ದು ಮೆತ್ತಗಿರುವುದರಿಂದ 40,000 ಅಂತ ಹಿಡಿಯೋಣ. ಎರಡು ಜೊತೆ ಇದ್ದರೆ ಎರಡೂ ಐದು ವರ್ಷ ಬರುತ್ತವೆ. ಒಂದೇ ಜೊತೆಯಲ್ಲಿ ಓಡಿಸಿದರೆ ಮೂರನೇ ವರ್ಷದ ಕೊನೆಗೆ ಬೋಳಾಗುತ್ತದೆ. ಆಗ ಇನ್ನೊಂದು ಜೊತೆ ತಗೊಳ್ಳಲೇಬೇಕು, ಅದೂ ದುಬಾರಿ 20 ಇಂಚಿನದು. ಐದು ವರ್ಷಕ್ಕೆ ಹೇಗೂ ಎರಡು ಜೊತೆ ಬೇಕು. ಹೆಚ್ಚಾಗುವುದು ರಿಮ್ಮಿನ ದುಡ್ಡು ಮತ್ತು ಬದಲಾಯಿಸುವ ಕೂಲಿ ಮಾತ್ರ.

ಸಾಕಪ್ಪಚಳಿ:
ಲೆಕ್ಕ ಚೆನ್ನಾಗಿದೆ ಮೇಡಂ. ಆದರೆ ವರ್ಷಕ್ಕೆ 7,000 ಕಿ.ಮೀ. ಓಡಿಸುವವರಿಗೆ ಇದು ಹೊಂದುವುದಿಲ್ಲ. ಅವರ ಟೈರ್ ಸವೆಯುವ ಮೊದಲೇ ಹಳೆಯದಾಗಿ ಬಿರುಕು ಬಿಡುತ್ತದೆ.

ಲೆಕ್ಕದಮ್ಮ:
ಹೌದು, ಅದು ನಿಜ. ಕಮ್ಮಿ ಓಡಿಸುವವರಿಗೆ ನಿಮ್ಮ ಆಲ್ ವೆದರ್ ದಾರಿ ಲೆಕ್ಕಕ್ಕೆ ಸರಿ ಬರುತ್ತದೆ. ಮೊದಲಹಿಮ ಅವರೇ, ನೀವು ಎಷ್ಟು ಓಡಿಸುತ್ತೀರಿ?

ಮೊದಲಹಿಮ:
ಹೆಚ್ಚು ಕಮ್ಮಿ 18,000. ಆಫೀಸಿಗೆ ಹೈವೇಯಲ್ಲಿ ಹೋಗಬೇಕು. ಒಂದು ಕೇಳುತ್ತೇನೆ, ರಿಮ್ ತಗೊಳ್ಳದೆ ಇದೇ ರಿಮ್ಮಿಗೆ ಪ್ರತಿ ಸಲ ಟೈರ್ ಬಿಚ್ಚಿ ಹಾಕಿಸಿದರೆ?

ಸ್ಪ್ಯಾನರ್‌ಶೆಟ್ಟಿ:
ಮಾಡಬಹುದು. ಆದರೆ ಐದು ವರ್ಷಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕು, ಪ್ರತಿ ಸಲ ಬ್ಯಾಲೆನ್ಸಿಂಗ್ ಬೇರೆ. ಆ ಕೂಲಿ ಕೂಡಿಸಿ ನೋಡಿ, ಸಾದಾ ಸ್ಟೀಲ್ ರಿಮ್ಮಿನ ದುಡ್ಡು ಅದರಲ್ಲೇ ಬಂದುಬಿಡಬಹುದು. ಬಿಚ್ಚುವಾಗೆಲ್ಲ ಟೈರಿನ ಅಂಚು ಎಳೆಯುತ್ತದೆ, ಒಳಗಿರುವ, ಗಾಳಿಯ ಒತ್ತಡ ನೋಡುವ ಸೆನ್ಸರ್ ಮುರಿಯುವ ಭಯವೂ ಇದೆ. ಮೇಲೆ ನಿಮ್ಮ ಚೆಂದದ 20 ಇಂಚಿನ ರಿಮ್ ಇಡೀ ಚಳಿಗಾಲ ರಸ್ತೆಯ ಉಪ್ಪಿನಲ್ಲಿ ನೆನೆಯಬೇಕು. ಮೆರುಗು ಬಿಟ್ಟು ಗುಳ್ಳೆ ಏಳುತ್ತದೆ.

ಇನ್ನೊಂದು, ಗುಂಡಿ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ರಸ್ತೆ ಕಿತ್ತುಹೋಗುವುದೇ ಆ ತಿಂಗಳುಗಳಲ್ಲಿ. 20 ಇಂಚಿನಲ್ಲಿ ರಿಮ್ಮಿಗೂ ಗುಂಡಿಗೂ ನಡುವೆ ಇರುವ ರಬ್ಬರ್ 115 ಮಿ.ಮೀ. 18ಕ್ಕೆ ಇಳಿದರೆ 141. ಆ ಒಂದು ಇಂಚು ರಬ್ಬರ್ ರಿಮ್ ಬಾಗದ ಹಾಗೆ ಕಾಯುತ್ತದೆ.

ಹೊಸಬ:
ಅಗಲ ಕಮ್ಮಿಯಾದರೆ ಹಿಡಿತ ಕಮ್ಮಿಯಾಗಲ್ವಾ?

ಉತ್ತರದವ:
ಒಣ ರಸ್ತೆಯಲ್ಲಿ ಸ್ವಲ್ಪ ಹೌದು. ಅರೆ ಕರಗಿದ ಹಿಮದ ಕೆಸರಿನಲ್ಲಿ ಉಲ್ಟಾ. ಅಗಲದ ಟೈರ್ ಅದರ ಮೇಲೆ ತೇಲುತ್ತದೆ, ಕಿರಿದು ಸೀಳಿಕೊಂಡು ಕೆಳಗಿನ ರಸ್ತೆ ಮುಟ್ಟುತ್ತದೆ.

ಬ್ಯಾಟರಿಗಾಡಿ:
ನನ್ನದು ಎಲೆಕ್ಟ್ರಿಕ್ ಕ್ರಾಸ್‌ಓವರ್. ಬ್ಯಾಟರಿಯ ತೂಕ ಇರುವುದರಿಂದ ಲೋಡ್ ಇಂಡೆಕ್ಸ್ ಬಗ್ಗೆ ಹುಷಾರಾಗಿರಿ. ಸೈಜಿನ ಪಕ್ಕದಲ್ಲಿ 101, 103 ಅಂತ ಒಂದು ಅಂಕಿ ಇರುತ್ತದೆ. 101 ಅಂದರೆ ಒಂದು ಟೈರ್ 825 ಕೆ.ಜಿ. ಹೊರುತ್ತದೆ, 103 ಅಂದರೆ 875. ಗಾಡಿಗೆ ಹೇಳಿದ ಅಂಕಿಗಿಂತ ಕೆಳಗೆ ಹೋಗಬಾರದು, ಮೇಲೆ ಹೋದರೆ ತೊಂದರೆ ಇಲ್ಲ. ಅದರ ಮುಂದಿನ ಅಕ್ಷರ ವೇಗದ್ದು. ಟಿ ಅಂದರೆ 190 ಕಿ.ಮೀ., ಎಚ್ ಅಂದರೆ 210.

ನಾನು 20ರಿಂದ 19ಕ್ಕೆ ಇಳಿದೆ. ಚಾರ್ಜ್ ಸ್ವಲ್ಪ ಜಾಸ್ತಿ ದೂರ ಬರುತ್ತಿದೆ. ಹೆಂಡತಿ ಗಾಡಿಯಲ್ಲಿ ಕೂತ ಮೊದಲ ದಿನವೇ ಸೀಟು ಬದಲಾಯಿಸಿದೆಯಾ ಅಂತ ಕೇಳಿದಳು, ಅಷ್ಟು ಮೆತ್ತಗೆ ಹೋಗುತ್ತದೆ.

ಮುಂಜಾವು:
ವಿಷಯ ಬಿಟ್ಟು ಒಂದು ಮಾತು. ಮೊಳೆ ಇರುವ ಟೈರ್ ಯಾರೂ ಹೇಳಲಿಲ್ಲವಲ್ಲ? ಐಸ್ ಮೇಲೆ ಅದರ ಮುಂದೆ ಯಾವುದೂ ಇಲ್ಲ.

ಹತ್ತುಚಳಿ:
ಬರೀ ಐಸ್ ಇರುವ ಹಳ್ಳಿ ರಸ್ತೆಗೆ ಸರಿ. ಹೈವೇಯಲ್ಲಿ ಒಂದೇ ಸದ್ದು, ರಸ್ತೆಯೂ ಕೆರೆದು ಹಾಳಾಗುತ್ತದೆ. ಜಪಾನಿನಲ್ಲಿ ಆ ಮೊಳೆಗಳು ರಸ್ತೆ ಕೆರೆದು ಎಬ್ಬಿಸುವ ಧೂಳು ಜನರ ಉಸಿರಿಗೆ ತೊಂದರೆ ಅಂತ 1990ರಲ್ಲಿ ಕಾನೂನೇ ಬಂತು. ಜರ್ಮನಿಯಲ್ಲೂ ಹೆಚ್ಚು ಕಡೆ ನಿಷೇಧ.

ಮುಂಜಾವು:
ಆ ಧೂಳಿನ ಗಲಾಟೆಯಿಂದಲೇ ಮೊಳೆ ಇಲ್ಲದ ಒಳ್ಳೆ ಟೈರ್ ಮಾಡುವ ಪೈಪೋಟಿ ಜಪಾನಿನಲ್ಲಿ ಜೋರಾಯಿತು. ಬ್ರಿಜ್‌ಸ್ಟೋನ್ ಬ್ಲಿಝಾಕ್ 1988ರಲ್ಲಿ ಬಂದಿದ್ದು ಅಲ್ಲೇ. ಆದರೆ ಚಳಿಗಾಲಕ್ಕೆ ಅಂತಲೇ ಬೇರೆ ಟೈರ್ ಮಾಡಿದವರಲ್ಲಿ ಮೊದಲಿಗರು ಫಿನ್‌ಲ್ಯಾಂಡಿನವರು. ನೋಕಿಯನ್ 1934ರಲ್ಲಿ ಲಾರಿಗಳಿಗೆ ಮಾಡಿತು, 1936ರಲ್ಲಿ ಹಕ್ಕಪೆಲಿಟ್ಟ ಬಂತು. ಆ ಹೆಸರು ಅವರ ಹಳೇ ಕುದುರೆ ಸವಾರ ದಂಡಿನದು.

ಗಾಲಿಗಣಿತ:
ಚೆನ್ನಾಗಿದೆ, ನನಗೆ ಗೊತ್ತಿರಲಿಲ್ಲ. ಮೊದಲಹಿಮ ಅವರಿಗೆ ಕೊನೆಯದಾಗಿ: ದುಡ್ಡು ಉಳಿಸಬೇಕು ಅಂದರೆ ಬಳಸಿದ ಜೊತೆಯನ್ನೂ ಹುಡುಕಿ. ಗಾಡಿ ಮಾರಿದವರು ಟೈರ್ ರಿಮ್ ಎರಡೂ ಸೇರಿಸಿ ಮಾರುತ್ತಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3522 ಅಂದರೆ 2022ರ 35ನೇ ವಾರ ಮಾಡಿದ್ದು. ಹೊಸ ಚಳಿಗಾಲದ ಟೈರಿನ ಟ್ರೆಡ್ 8, 9 ಮಿ.ಮೀ. ಇರುತ್ತದೆ. 4ಕ್ಕೆ ಬಂದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ನಾಲ್ಕೂ ಒಂದೇ ಮಾದರಿ, ಒಂದೇ ಸಮ ಸವೆದಿರಬೇಕು. ಆಲ್ ವೀಲ್ ಡ್ರೈವಿನಲ್ಲಿ ಒಂದು ಗಾಲಿ ದೊಡ್ಡದು ಒಂದು ಚಿಕ್ಕದು ಆದರೆ ಒಳಗಿನ ಗೇರಿಗೆ ಪೆಟ್ಟು.

ಹೊಸಬ:
ಗಾಳಿ ಸೆನ್ಸರ್ ಹಾಕಿಸಲೇಬೇಕಾ? ಅದಕ್ಕೂ ದುಡ್ಡು ಕೇಳುತ್ತಾರೆ.

ಬ್ಯಾಟರಿಗಾಡಿ:
ಗಾಡಿ ನೋಡಿ. ಕೆಲವಲ್ಲಿ ವೀಲ್ ಒಳಗೆ ಸೆನ್ಸರ್ ಇರುವುದೇ ಇಲ್ಲ, ಗಾಲಿ ಸುತ್ತುವ ವೇಗ ನೋಡಿ ಗಾಡಿಯೇ ಕಂಡುಹಿಡಿಯುತ್ತದೆ. ಸೆನ್ಸರ್ ಇರುವ ಗಾಡಿಯಾದರೆ ಹಾಕಿಸಿ. ಚಳಿಯಲ್ಲೇ ಅದು ಜಾಸ್ತಿ ಬೇಕಾಗುವುದು. ತಾಪಮಾನ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ ಇಳಿಯುತ್ತದೆ.

ಮೊದಲಹಿಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದು ವಾರ ಆದಮೇಲೆ ಬರೆಯುತ್ತಿದ್ದೇನೆ.

ಪುಸ್ತಕ ತೆಗೆದು ನೋಡಿದೆ. ನನ್ನ ಎಂಜಿನ್‌ಗೆ 18ಕ್ಕಿಂತ ಚಿಕ್ಕದು ಒಪ್ಪುವುದಿಲ್ಲ ಅಂತ ಸ್ಪಷ್ಟವಾಗಿ ಇತ್ತು. ಶೆಟ್ರು ತಡೆಯದಿದ್ದರೆ 17 ತಗೊಂಡೇ ಬಿಡುತ್ತಿದ್ದೆ. 235/60 ಆರ್ 18 ಹೊಸ ಟೈರ್, ಒಬ್ಬರು ಬಳಸಿದ ಅಲಾಯ್ ರಿಮ್, ಹೊಸ ಸೆನ್ಸರ್, ಎಲ್ಲ ಸೇರಿಸಿದರೂ ಮೊದಲು ಬರೀ 20 ಇಂಚಿನ ಟೈರಿಗೆ ಹೇಳಿದ್ದಕ್ಕಿಂತ ಕಮ್ಮಿಯಾಯಿತು. ಲೋಡ್ ಇಂಡೆಕ್ಸ್ 103, ಬೆಟ್ಟದ ಗುರುತು ಇದೆ, ಎರಡನ್ನೂ ನಾನೇ ಕೈಯಿಟ್ಟು ನೋಡಿದೆ.

ಕಳೆದ ಸೋಮವಾರ ರಾತ್ರಿಯೆಲ್ಲ ಹಿಮ ಬಿತ್ತು. ಬೆಳಿಗ್ಗೆ ಮಗಳನ್ನು ಕೂರಿಸುವ ಮೊದಲು ಒಬ್ಬನೇ ಖಾಲಿ ಪಾರ್ಕಿಂಗಿಗೆ ಹೋಗಿ ಮೂರು ಸಲ ಬ್ರೇಕ್ ಒತ್ತಿ ನೋಡಿದೆ. ಕಿರ್ರ್ ಅಂತ ಹಿಮ ಅರೆಯುವ ಸದ್ದು ಬಂತು, ಮೂಗು ಸ್ವಲ್ಪ ಬಾಗಿತು, ನಿಂತಿತು. ಇಳಿದು ಹಿಂದೆ ನೋಡಿದರೆ ಟೈರಿನ ಗೀರುಗಳ ಅಚ್ಚು ಕೊನೆಯವರೆಗೂ ಅಚ್ಚುಕಟ್ಟಾಗಿ ಬಿದ್ದಿತ್ತು, ಎಲ್ಲೂ ಎಳೆದುಕೊಂಡು ಹೋದ ಗುರುತಿಲ್ಲ. ಆಮೇಲೆ ಮನೆಗೆ ಬಂದು ಅವಳನ್ನು ಕೂರಿಸಿಕೊಂಡು ಹೊರಟೆ.

ಬೆಳ್ಮುಗಿಲು:
ಓದಿ ತುಂಬಾ ಸಮಾಧಾನ ಆಯಿತು. ಆದರೂ ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡೇ ಹೋಗಿ.

ಲೆಕ್ಕದಮ್ಮ:
20 ಇಂಚಿನದು ತೊಳೆದು ಒಣಗಿಸಿ ಇಟ್ಟಿರಾ? ರಿಮ್ ಸಮೇತ ಇರುವುದರಿಂದ ಒಂದರ ಮೇಲೊಂದು ಮಲಗಿಸಿ ಇಡಬಹುದು. ಬಿಸಿಲು ಬೀಳದ ಜಾಗ ನೋಡಿ.

ಮೊದಲಹಿಮ:
ಇಟ್ಟೆ ಅಮ್ಮಾ. ಯಾವುದು ಎಲ್ಲಿತ್ತು ಅಂತ ಪ್ರತಿಯೊಂದರ ಒಳಗೂ ಚಾಕ್‌ಪೀಸಿನಲ್ಲಿ ಬರೆದಿದ್ದೇನೆ.

ಸ್ಪ್ಯಾನರ್‌ಶೆಟ್ಟಿ:
100 ಕಿ.ಮೀ. ಆಗುವುದರೊಳಗೆ ನಟ್ ಬಿಗಿ ಮತ್ತೆ ನೋಡಿದಿರಾ?

ಮೊದಲಹಿಮ:
80ಕ್ಕೇ ನೋಡಿದೆ ಶೆಟ್ರೇ. ಹಿಂದಿನ ಎಡಗಾಲಿಯಲ್ಲಿ ಒಂದು ನಟ್ ಕಾಲು ಸುತ್ತು ತಿರುಗಿತು.